ವರದಾ ದಂಡೆಯಿಂದ ಗುಹೆಯ ಬಾಗಿಲವರೆಗೆ: ಬೆತ್ತಲೆ ಸೇವೆಯ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಹೆಸರೆತ್ತಿದರೆ ಒಬ್ಬರು ಮೂಢನಂಬಿಕೆ ಎನ್ನುತ್ತಾರೆ, ಇನ್ನೊಬ್ಬರು ಹರಕೆ ಎನ್ನುತ್ತಾರೆ, ಮೂರನೆಯವರು ಮಾತು ಬದಲಿಸುತ್ತಾರೆ. ಹರಕೆ ಹೊತ್ತವರು ಮೈಮೇಲೆ ಬಟ್ಟೆಯಿಲ್ಲದೆ ರೇಣುಕೆಯ ಗುಹೆಯವರೆಗೆ ನಡೆಯುತ್ತಿದ್ದ ಅಲ್ಲಿನ ಬೆತ್ತಲೆ ಸೇವೆ ನಿಷೇಧವಾಗಿ ದಶಕಗಳೇ ಕಳೆದಿದ್ದರೂ ಅದು ಧರ್ಮದ ಪ್ರಶ್ನೆಯೋ, ಜಾತಿಯದೋ, ಹೆಣ್ಣಿನ ಮೈಯದೋ ಎಂಬ ಗೋಜಲು ಹಾಗೇ ಉಳಿದಿದೆ.

ಮೂಲದಲ್ಲಿರುವುದು ರೇಣುಕೆಯ ಕತೆ. ಜಮದಗ್ನಿಯ ಹೆಂಡತಿಯಾದ ಅವಳು ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿಯಾಗಿಸಿ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಜಲಕ್ರೀಡೆಯಾಡುತ್ತಿದ್ದ ಗಂಧರ್ವನ ಮೇಲೆ ಅವಳ ಕಣ್ಣು ಗಳಿಗೆ ಹೊತ್ತು ನಿಂತಿತು. ಅಂದು ಮರಳು ಕೊಡವಾಗಲಿಲ್ಲ. ಗಂಡ ಅಪ್ಪಣೆ ಕೊಟ್ಟ, ಮಗ ಪರಶುರಾಮ ಕೊಡಲಿ ಎತ್ತಿದ. ಆ ಕೊಡಲಿಗೆ ಹೆದರಿ ಓಡಿದ ತಾಯಿ, ಉಟ್ಟ ಬಟ್ಟೆ ಕಳಚಿ ಬಿದ್ದದ್ದೂ ತಿಳಿಯದೆ ಚಂದ್ರಗುತ್ತಿಯ ಬಂಡೆಯ ಗುಹೆ ಹೊಕ್ಕಳು ಎಂಬುದು ಸ್ಥಳೀಯರ ನಂಬಿಕೆ. ಅವಳ ತಪ್ಪು ನೋಡಿದ್ದಷ್ಟೇ ಎಂಬುದನ್ನು ಕತೆ ಹೇಳುವವರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿ 12ನೇ ಶತಮಾನದ ಅಕ್ಕಮಹಾದೇವಿಯ ಊರು. ಗಂಡನನ್ನೂ ಉಡುಗೆಯನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದ ಆಕೆಯನ್ನು ಅದೇ ಸೀಮೆಯ ಬಳ್ಳಿಗಾವಿಯ ಅಲ್ಲಮ, ಸೀರೆ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಎಂದು ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ ಒಂದರ ಬೆತ್ತಲೆ ಪಠ್ಯಪುಸ್ತಕ ಸೇರಿತು, ಇನ್ನೊಂದರ ಬೆತ್ತಲೆ ಪೊಲೀಸ್ ಠಾಣೆ ಸೇರಿತು. ಅನುಭವ ಮಂಟಪದಲ್ಲಿ ಉತ್ತರ ಕೊಡಲು ಅಕ್ಕನಿಗೆ ಅವಕಾಶವಾದರೂ ಇತ್ತು.

ಕಾಯಿಲೆ ವಾಸಿಯಾಗಲಿ, ಮಕ್ಕಳಾಗಲಿ ಎಂದು ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಮೈಮೇಲೆ ಬಟ್ಟೆಯಿಲ್ಲದೆ ಗುಹೆಯವರೆಗೆ ಹೋಗುತ್ತಿದ್ದರು. ಅವರಲ್ಲಿ ಗಂಡಸರೂ ಮಕ್ಕಳೂ ಇದ್ದರು. ಆದರೆ ಸುದ್ದಿಯಾದದ್ದು, ಚಿತ್ರವಾದದ್ದು ಹೆಂಗಸರು. ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳವರು. ದೇವರ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳೇ ಯಾಕೆ ಬೆತ್ತಲಾಗಬೇಕು ಎಂಬ ಪ್ರಶ್ನೆಯನ್ನು ದಲಿತ ಸಂಘರ್ಷ ಸಮಿತಿ ಬೀದಿಗೆ ತಂದದ್ದು ಹೀಗೆ. ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರಲ್ಲೇ ಬಂದಿತ್ತು. ಈ ಹೋರಾಟವೂ ಅದೇ ಗಾಳಿಯದು.

1986ರ ಮಾರ್ಚ್‌ನಲ್ಲಿ ಜಾತ್ರೆಯ ವೇಳೆ ಕಾರ್ಯಕರ್ತರು ಭಕ್ತರನ್ನು ತಡೆಯಲು ಹೋದಾಗ ಜನ ತಿರುಗಿಬಿದ್ದರು. ಕಾರ್ಯಕರ್ತರಿಗೂ ಪೊಲೀಸರಿಗೂ ಹೊಡೆತ ಬಿದ್ದದ್ದಷ್ಟೇ ಅಲ್ಲ, ಪೊಲೀಸರ ಸಮವಸ್ತ್ರ ಕಿತ್ತು, ಮಹಿಳಾ ಪೊಲೀಸರನ್ನೂ ಬಿಡದೆ, ಬೆತ್ತಲೆ ಮೆರವಣಿಗೆ ಮಾಡಿಸಲಾಯಿತು. ಅಲ್ಲಿಯವರೆಗೆ ಭಕ್ತಿಯ ಗುರುತಾಗಿದ್ದ ಬೆತ್ತಲೆ ಒಂದೇ ಮಧ್ಯಾಹ್ನದಲ್ಲಿ ಶಿಕ್ಷೆಯ ಗುರುತಾಯಿತು. ಬಟ್ಟೆ ಬಿಚ್ಚುವುದು ಅವಮಾನವೇ ಅಲ್ಲ ಎಂದು ವಾದಿಸುತ್ತಿದ್ದ ಗುಂಪೇ ಅವಮಾನ ಮಾಡಲು ಬಟ್ಟೆ ಬಿಚ್ಚಿಸಿತು. ಈ ವಿರೋಧಾಭಾಸವನ್ನು ಇಂದಿಗೂ ಯಾರೂ ಸರಿಯಾಗಿ ಬಿಡಿಸಿ ಹೇಳಿಲ್ಲ ಎಂದೇ ನನಗನ್ನಿಸುತ್ತದೆ. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ನಿಷೇಧ ಬಂತು, ಮುಂದಿನ ಜಾತ್ರೆಗಳಿಗೆ ಭಕ್ತರಿಗಿಂತ ಮೊದಲೇ ಪೊಲೀಸರು ಬಂದು ದಂಡೆಯಲ್ಲಿ ನಿಂತರು. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರು ಅದೇ ವರ್ಷ, ಓದಿದವರ ವಿಚಾರವಾದಕ್ಕೆ ಈ ಭಕ್ತರ ಒಳಲೋಕ ಎಷ್ಟು ತಿಳಿದಿದೆ ಎಂದು ಕೇಳಿದರು. ಬೆತ್ತಲಾಗುವ ಸರದಿ ಎಂದೂ ಬಾರದ ಜಾತಿಯಿಂದ ಅದನ್ನು ಕೇಳುವುದು ಸುಲಭ ಎಂಬ ಮರುಮಾತಿಗೂ ತೂಕವಿತ್ತು. ಹರಕೆ ಹೊತ್ತ ಹೆಂಗಸಿನ ಮಾತು ಮಾತ್ರ ಆ ಚರ್ಚೆಯಲ್ಲಿ ಅಪರೂಪ.

ರೇಣುಕೆಯೇ ಬಯಲುಸೀಮೆಯಲ್ಲಿ ಎಲ್ಲಮ್ಮ. ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪಗಳಿಗೆ ಮನೆ ಬಾಗಿಲು ಮುಚ್ಚಿದಾಗ ಅವಳ ಹೆಸರು ಆಸರೆಯಾಯಿತು. ಬದಲಿಗೆ ದೇವಿಗೆ ಅರ್ಪಿತರಾದ ಗುರುತಾಗಿ ಮುತ್ತು ಕಟ್ಟಿಸಿಕೊಂಡು, ಕೊಡ ಹೊತ್ತು, ಅವಳ ಹೆಸರಿನಲ್ಲಿ ಜೋಗ, ಅಂದರೆ ಭಿಕ್ಷೆ, ಬೇಡಬೇಕಿತ್ತು. ದೇವರ ಮೂಲಕವಲ್ಲದೆ ನೇರವಾಗಿ ಅವರ ಗುರುತನ್ನು ಕಾನೂನು ಒಪ್ಪಲು ಸುಪ್ರೀಂ ಕೋರ್ಟಿನ 2014ರ ತೀರ್ಪು ಬರಬೇಕಾಯಿತು. ಇದೇ ಸಮುದಾಯದ ಜನಪದ ಕಲಾವಿದೆ ಜೋಗತಿ ಮಂಜಮ್ಮ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಜೋಗಪ್ಪನಿಗೆ ಬಾಡಿಗೆ ಮನೆ ಕೊಟ್ಟಾರು ಎಂಬುದು ಬೇರೆ ಮಾತು.

ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಪೂಜೆಯ ಹೆಸರಿನಲ್ಲಿ ಹೆಂಗಸರನ್ನು ಬೆತ್ತಲೆ ನಡೆಸುವುದರ ಜೊತೆಗೆ, ಮುಟ್ಟಾದವರನ್ನು ಬಲವಂತವಾಗಿ ಪ್ರತ್ಯೇಕವಾಗಿಡುವುದೂ ಅದರ ಪಟ್ಟಿಯಲ್ಲಿದೆ. ಮೊದಲನೆಯದಕ್ಕೆ ಬಂದೋಬಸ್ತ್ ಹಾಕಬಹುದು. ಎರಡನೆಯದು ನಡೆಯುವುದು ಅಡಿಕೆ ತೋಟದ ನಡುವಿನ ಮನೆಯ ಹಿಂಬದಿಯಲ್ಲಿ, ಬೇರೆ ಚಾಪೆ, ಬೇರೆ ತಟ್ಟೆ, ಎತ್ತರದಿಂದ ಹೊಯ್ಯುವ ನೀರಿನ ರೂಪದಲ್ಲಿ. "ಅಮ್ಮನ್ನ ಕಾಗೆ ಮುಟ್ಟಿದೆ, ಹತ್ರ ಹೋಗ್ಬೇಡ" ಎಂದು ಮಗುವಿಗೆ ಹೇಳುವವರು ಸಾಮಾನ್ಯವಾಗಿ ಅಜ್ಜಿಯೇ. ಜಾತ್ರೆ, ಮದುವೆ ಗೊತ್ತಾದ ಕೂಡಲೇ ಮನೆಯ ಹೆಂಗಸರು ಕ್ಯಾಲೆಂಡರ್ ನೋಡಿ ದಿನ ಎಣಿಸುತ್ತಾರೆ, ಎಣಿಕೆ ಹೊಂದದಿದ್ದರೆ ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಮುಟ್ಟು ಮುಂದೆ ಹಾಕುವ ಮಾತ್ರೆ ಕೇಳುತ್ತಾರೆ, ಅಂಗಡಿಯವನು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ.