ಕಂಪ್ಯೂಟರ್ ‘5 ಮಿ.ಮೀ. ಜಾಗ ಸಾಲದು’ ಅಂದರೆ ಹಲ್ಲು ಕೀಳಿಸಲೇಬೇಕಾ?

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಬಂದಿವೆ. ಮಡಿಕೇರಿಯಲ್ಲಿ ತೋರಿಸಿದೆವು. ಅಚ್ಚು ತೆಗೆಯದೆ, ಬಾಯೊಳಗೆ ಕ್ಯಾಮೆರಾ ಆಡಿಸಿ, ಕಂಪ್ಯೂಟರಿನಲ್ಲಿ ಅಳೆದು ‘5 ಮಿ.ಮೀ. ಜಾಗ ಸಾಲದು’ ಅಂದರು. ನಂಬಬಹುದಾ?
– ಗೋಣಿಕೊಪ್ಪದ ಓದುಗರು

ಉತ್ತರ: ಸ್ಕ್ಯಾನರನ್ನು ನಂಬಿ. ಆದರೆ ಆ 5ರಲ್ಲಿ ಅಳೆದದ್ದೆಷ್ಟು, ಅಂದಾಜೆಷ್ಟು ಅಂತ ಡಾಕ್ಟರನ್ನು ಕೇಳಿ. ಈ ವಯಸ್ಸಿಗೆ ಶಾಶ್ವತ ಕೋರೆಹಲ್ಲೂ ಅದರ ಹಿಂದಿನ ಎರಡು ಹಲ್ಲೂ ಸಾಮಾನ್ಯವಾಗಿ ವಸಡಿನೊಳಗೇ ಇರುತ್ತವೆ. ಕಾಣದ್ದನ್ನು ಕ್ಯಾಮೆರಾ ಅಳೆಯಲಾರದು.

ಹಾಗಾಗಿ ಹೆಚ್ಚಾಗಿ ಬಳಸುವುದು 1974ರ ಟನಾಕಾ–ಜಾನ್‌ಸ್ಟನ್ ಸೂತ್ರ. ಕೆಳಗಿನ ನಾಲ್ಕು ಬಾಚಿಹಲ್ಲುಗಳ ಅಗಲ ಕೂಡಿಸಿ, ಅರ್ಧ ಮಾಡಿ, 10.5 ಸೇರಿಸಿದರೆ ಒಂದು ಬದಿಯ ಆ ಮೂರು ಹಲ್ಲುಗಳಿಗೆ ಬೇಕಾದ ಜಾಗ. ಬಾಚಿಹಲ್ಲುಗಳ ಮೊತ್ತ 23 ಮಿ.ಮೀ. ಅನ್ನಿ: ಒಂದು ಬದಿಗೆ 22, ಎರಡು ಬದಿಗೆ 44, ಬಾಚಿಹಲ್ಲು ಸೇರಿ 67. ಒಂದು ಕಡೆಯ, ಆರನೇ ವರ್ಷಕ್ಕೆ ಬರುವ ದವಡೆ ಹಲ್ಲಿನ ಮುಂಬದಿಯಿಂದ ಇನ್ನೊಂದು ಕಡೆಯದರವರೆಗೆ ಬಾಗಿದ ಗೆರೆಯಲ್ಲಿ ಅಳೆದಾಗ ಇರುವ ಜಾಗ 62 ಆದರೆ, ಕೊರತೆ 5.

ಎಡವಟ್ಟಾಗುವುದು ಇಲ್ಲೇ. ಹಲ್ಲುಗಳು ಒಂದರ ಮೇಲೊಂದು ಏರಿದ ಕಡೆ ಅವುಗಳ ನಡುವಿನ ಅಂಚು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಸಾಫ್ಟ್‌ವೇರ್ ಆ ಸಂದನ್ನು ತಾನೇ ತುಂಬಿಬಿಡುತ್ತದೆ. ಅಳೆಯುವವರು ಹಾಗೆ ತುಂಬಿದ ಜಾಗದ ಮೇಲೆ ಕ್ಲಿಕ್ ಮಾಡಿ ಪ್ರತಿ ಬಾಚಿಹಲ್ಲನ್ನೂ ಕಾಲು ಮಿ.ಮೀ. ಹೆಚ್ಚು ಅಳೆದರೆ ಮೊತ್ತ 24 ಆಗುತ್ತದೆ. ಸೂತ್ರಕ್ಕೆ ಹಾಕಿದಾಗ ಬೇಕಾದ ಜಾಗ 69, ಕೊರತೆ 7! ಒಂದು ಮಿ.ಮೀ. ತಪ್ಪು ಎರಡಾಯಿತು. ಎರಡು ಸಲ ಅಳೆದು ತಾಳೆ ನೋಡಿದ್ದಾರಾ ಅಂತ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಬಾಗುಗೆರೆಯನ್ನು ಹೊರಗೆ ವಾಲಿದ ಹಲ್ಲಿನ ಮೇಲೆ ಎಳೆದರೆ ಉಲ್ಟಾ, ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಸೂತ್ರವೂ ಯುರೋಪಿಯನ್ ಮೂಲದ ಮಕ್ಕಳ ಅಳತೆಯಿಂದ ಬಂದದ್ದು, ನಮ್ಮ ಮಕ್ಕಳಿಗೆ ಅಷ್ಟೇ ಕರಾರುವಾಕ್ಕಾಗಿ ಹೊಂದುತ್ತದೆ ಅನ್ನುವಂತಿಲ್ಲ.

ಹಾಗಂತ ಅಚ್ಚು ತೆಗೆಯುವ ಹಳೆಯ ಪೇಸ್ಟೇ ಮೇಲು ಅನ್ನಬೇಡಿ. ಆ ಪೇಸ್ಟಿನ (ಆಲ್ಜಿನೇಟ್) ಅಚ್ಚು ಗಾಳಿಗಿಟ್ಟರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ, ಬೇಗ ಪ್ಲಾಸ್ಟರ್ ಸುರಿಯಲೇಬೇಕು. ಆಟಿ ತಿಂಗಳ ಮಳೆಯಲ್ಲಿ ಆ ಪ್ಲಾಸ್ಟರ್ ಒಣಗಿಸಿದವರಿಗೇ ಗೊತ್ತು ಕಷ್ಟ! ಸ್ಕ್ಯಾನಿನ ಫೈಲಿಗೆ ಆ ತಾಪತ್ರಯವಿಲ್ಲ. ಹಲ್ಲುಗಳ 3ಡಿ ಆಕಾರವಿರುವ ಎಸ್‌ಟಿಎಲ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ವಿರಾಜಪೇಟೆ ದಂತ ಕಾಲೇಜಿನಲ್ಲೋ ಮೈಸೂರಿನಲ್ಲೋ ಇನ್ನೊಬ್ಬರ ಅಭಿಪ್ರಾಯ ಕೇಳುವಾಗ ಕೆಲಸಕ್ಕೆ ಬರುತ್ತದೆ. ಆರು ತಿಂಗಳು ದಾಟಿದರೆ ಮಾತ್ರ ಹೊಸ ಸ್ಕ್ಯಾನ್ ಮಾಡಿಸಿ.

ಇನ್ನು ಕೀಳುವ ಮಾತು. 4 ಮಿ.ಮೀ.ವರೆಗಿನ ಕೊರತೆಗೆ ಕೀಳಿಸುವುದು ಅಪರೂಪ, 10 ದಾಟಿದರೆ ಸಾಮಾನ್ಯ. 5 ನಡುವಿನದು. ಮುಂದಿನ ಹಲ್ಲು ಎಷ್ಟು ಮುಂಚಾಚಿದೆ ಎಂಬುದನ್ನು ಮುಖದ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ನೋಡದೆ ತೀರ್ಮಾನವಿಲ್ಲ, ಏಕೆಂದರೆ ಹಲ್ಲನ್ನು 1 ಮಿ.ಮೀ. ಹಿಂದಕ್ಕೆಳೆಯಲು ಸುಮಾರು 2 ಮಿ.ಮೀ. ಜಾಗ ಖರ್ಚಾಗುತ್ತದೆ.

ಸದ್ಯಕ್ಕೆ ಹಾಲು ದವಡೆ ಹಲ್ಲು ಹುಳುಕಾಗಿದ್ದರೆ ತುಂಬಿಸಿ. ಅದು ಬೇಗ ಬಿದ್ದರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಆ 62 ಕೂಡ ಉಳಿಯುವುದಿಲ್ಲ.