ಮೊದಲ ಒಂದೂವರೆ ಲಕ್ಷ ಡಾಲರ್

ಹಬಲ್ ಬಾಹ್ಯಾಕಾಶ ದೂರದರ್ಶಕದಲ್ಲಿ ನಿಕ್ಮಾಸ್ ಎಂಬ ಕ್ಯಾಮೆರಾ ಇತ್ತು. 1997ರ ಫೆಬ್ರವರಿಯಲ್ಲಿ ಗಗನಯಾತ್ರಿಗಳು ಅದನ್ನು ಅಲ್ಲಿ ಕೂರಿಸಿ ಬಂದಿದ್ದರು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವುದು ಅದರ ಕೆಲಸ. ಬೆಚ್ಚಗಿರುವ ಯಾವ ವಸ್ತುವಾದರೂ ಇಂಥ ಬೆಳಕನ್ನು ಸೂಸುತ್ತಲೇ ಇರುತ್ತದೆ. ಕ್ಯಾಮೆರಾನೇ ಬೆಚ್ಚಗಿದ್ದರೆ ಅದರ ಕಣ್ಣಿನ ತುಂಬ ಅದರದೇ ಬೆಳಕು. ದೂರದ ಗೆಲಾಕ್ಸಿ ಎಲ್ಲಿಂದ ಕಾಣಬೇಕು? ಅದಕ್ಕೇ ಘನ ನೈಟ್ರೋಜನ್ ತುಂಬಿದ ಥರ್ಮಾಸ್ ಪಾತ್ರೆಯೊಳಗೆ ಅದನ್ನು ಇಟ್ಟಿದ್ದರು. ಆ ತಂಪು ನಾಲ್ಕೂವರೆ ವರ್ಷ ಬರುತ್ತದೆ ಎಂಬ ಲೆಕ್ಕವಿತ್ತು. ಆದರೆ ನೈಟ್ರೋಜನ್ ಗಡ್ಡೆ ಹಿಗ್ಗಿ ಪಾತ್ರೆಯ ಒಳಭಾಗ ಸ್ವಲ್ಪ ಸೊಟ್ಟಗಾಯಿತು. ತಾಗಬಾರದ ಎರಡು ಭಾಗಗಳು ತಾಗಿದವು. ಶಾಖ ಒಳಗೆ ಬಂತು. 1999ರ ಜನವರಿಗೆ ನೈಟ್ರೋಜನ್ ಖಾಲಿ. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ, ಅದನ್ನು ತಂಪಾಗಿಡಲು ಏನೂ ಉಳಿದಿರಲಿಲ್ಲ, ಅಷ್ಟೇ.

ಅದಕ್ಕೆ ಮತ್ತೆ ಜೀವ ಬಂದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಚಿಕ್ಕ ಊರಿನ ಕ್ರಿಯೇರ್ ಕಂಪನಿಯಿಂದ. ಅವರು ಮಾಡಿದ ಶೀತಕ ಯಂತ್ರದ ತತ್ವ ಸರಳ. ನಿಯಾನ್ ಅನಿಲವನ್ನು ಒತ್ತಿ ಕುಗ್ಗಿಸಬೇಕು. ಆಗ ಹುಟ್ಟುವ ಶಾಖವನ್ನು ಹೊರಗೆ ಚೆಲ್ಲಬೇಕು. ಆಮೇಲೆ ಅದೇ ಅನಿಲ ಒಂದು ಪುಟ್ಟ ಟರ್ಬೈನನ್ನು ತಿರುಗಿಸುತ್ತಾ ಹಿಗ್ಗಬೇಕು. ಟರ್ಬೈನು ತಿರುಗಿಸಲು ತನ್ನೊಳಗಿನ ಶಕ್ತಿಯನ್ನೇ ಖರ್ಚು ಮಾಡುವುದರಿಂದ ಅನಿಲ ತಣ್ಣಗಾಗುತ್ತದೆ. ಕಷ್ಟ ಇರುವುದು ತತ್ವದಲ್ಲಲ್ಲ, ಆ ಟರ್ಬೈನಿನಲ್ಲಿ. ಅದು ನಿಮಿಷಕ್ಕೆ ಸುಮಾರು 4 ಲಕ್ಷ ಸುತ್ತು ತಿರುಗಬೇಕು. ನಮ್ಮ ಅಡುಗೆಮನೆಯ ಮಿಕ್ಸಿ ಎಷ್ಟು ಕಿರುಚಿದರೂ ನಿಮಿಷಕ್ಕೆ 20 ಸಾವಿರ ಸುತ್ತಿನ ಆಸುಪಾಸು. ಅಷ್ಟು ತಿರುಗಿಯೂ ದೂರದರ್ಶಕ ನಡುಗಬಾರದು. ಹಬಲ್ ಗಂಟೆಗಟ್ಟಲೆ ಒಂದೇ ಬಿಂದುವನ್ನು ನೋಡುವಂಥದ್ದು. ಬೇರಿಂಗಿಗೆ ಎಣ್ಣೆ ಹಾಕೋಣ ಅಂದರೆ ಮೈನಸ್ 196 ಡಿಗ್ರಿಯ ಹತ್ತಿರ ಎಣ್ಣೆ ಕಲ್ಲಾಗುತ್ತದೆ. ಹಾಗಾಗಿ ತಿರುಗುವ ದಂಡವನ್ನು ಅನಿಲದ ತೆಳು ಪದರದ ಮೇಲೆ ತೇಲಿಸಿದರು. ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಸವೆತವೂ ಇಲ್ಲ.

1998ರಲ್ಲಿ ಶಟಲ್‌ನಲ್ಲಿ ಒಯ್ದು ಇದನ್ನು ಪರೀಕ್ಷಿಸಿದರು. 2002ರ ಮಾರ್ಚ್‌ನಲ್ಲಿ ಹಬಲ್‌ಗೆ ಜೋಡಿಸಿದರು. ನಿಕ್ಮಾಸ್ 2008ರವರೆಗೂ ಕೆಲಸ ಮಾಡಿತು.

ಇಂಥ ಯಂತ್ರಕ್ಕೆ ಮಾರುಕಟ್ಟೆ ಎಲ್ಲಿದೆ? ಹಬಲ್‌ಗೆ ಬೇಕಾದದ್ದು ಒಂದು. ಒಂದೇ ಗಿರಾಕಿ ಇರುವ ವಸ್ತುವಿಗೆ ಯಾವ ಹೂಡಿಕೆದಾರರೂ ವರ್ಷಗಟ್ಟಲೆ ದುಡ್ಡು ಸುರಿಯುವುದಿಲ್ಲ, ಅಲ್ವಾ? ಕ್ರಿಯೇರ್‌ನ ಪುಟ್ಟ ಟರ್ಬೈನುಗಳ ಹಿಂದಿನ ಕೆಲಸಕ್ಕೆ ಹಣ ಕೊಟ್ಟಿದ್ದರಲ್ಲಿ ಅಮೆರಿಕ ಸರ್ಕಾರದ ಒಂದು ಯೋಜನೆಗೆ ದೊಡ್ಡ ಪಾಲಿದೆ. ಹೆಸರು ಸ್ಮಾಲ್ ಬಿಸಿನೆಸ್ ಇನೊವೇಶನ್ ರಿಸರ್ಚ್, ಚಿಕ್ಕದಾಗಿ ಎಸ್‌ಬಿಐಆರ್. ವಿಜ್ಞಾನ ಉಪಕರಣಗಳ ಲೋಕದಲ್ಲಿ ಇಷ್ಟು ಉಪಯೋಗಕ್ಕೆ ಬಂದ ಸರ್ಕಾರಿ ಏರ್ಪಾಡುಗಳು ಕಡಿಮೆ ಎಂದೇ ನನ್ನ ಎಣಿಕೆ.

ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅಧಿಕಾರಿ ರೋಲಂಡ್ ಟಿಬೆಟ್ಸ್ ಇದನ್ನು ಪ್ರಯೋಗವಾಗಿ ಶುರುಮಾಡಿದ್ದು 1977ರಲ್ಲಿ. 1982ರಲ್ಲಿ ಕಾನೂನಾಯಿತು. ಸಂಶೋಧನೆಗೆಂದು ಹೊರಗಿನವರಿಗೆ ದೊಡ್ಡ ಮೊತ್ತ ಕೊಡುವ ಪ್ರತಿ ಇಲಾಖೆಯೂ ಅದರಲ್ಲೊಂದು ಸಣ್ಣ ಪಾಲನ್ನು 500ಕ್ಕಿಂತ ಹೆಚ್ಚು ಜನರಿಲ್ಲದ ಕಂಪನಿಗಳಿಗೆ ತೆಗೆದಿಡಬೇಕು. ಆ ಪಾಲು ಶೇ. 0.2ರಿಂದ ಶುರುವಾಗಿ 2017ರ ಹೊತ್ತಿಗೆ ಶೇ. 3.2ಕ್ಕೆ ಏರಿತು. ತಮಗೆ ಬರುವ ಹಣ ಕಡಿಮೆಯಾಗುತ್ತದೆ ಎಂದು ವಿಶ್ವವಿದ್ಯಾಲಯಗಳು ಮೊದಲು ವಿರೋಧಿಸಿದ್ದವು.

ಹಣ ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದು ಚಿಕ್ಕದು: ಈ ಯೋಚನೆ ನಡೆಯುತ್ತದೋ ಇಲ್ಲವೋ ನೋಡಿ ಹೇಳಿ, ಅಷ್ಟೇ. ನಡೆಯುತ್ತದೆ ಅನಿಸಿದರೆ ಎರಡನೆಯ ಹಂತದಲ್ಲಿ ಹತ್ತು ಲಕ್ಷ ಡಾಲರ್ ಆಜುಬಾಜು. ಇದು ಸಾಲವಲ್ಲ. ಕಂಪನಿಯಲ್ಲಿ ಸರ್ಕಾರ ಪಾಲೂ ಕೇಳುವುದಿಲ್ಲ. ಇಲ್ಲಿ ನನಗೆ ತುಂಬ ಹಿಡಿಸುವುದು ವಿಷಯಗಳ ಪಟ್ಟಿ. ಇಂಧನ ಇಲಾಖೆ ತನಗೆ ಏನು ಬೇಕು ಎಂದು ತಾನೇ ಬರೆದು ಪ್ರಕಟಿಸುತ್ತದೆ: ಕಣವೇಗವರ್ಧಕದ ಭಾಗಗಳು, ವಿಕಿರಣ ಪತ್ತೆಹಚ್ಚುವ ಹೊಸ ಹರಳುಗಳು, ಎಕ್ಸ್‌ರೇ ಉಪಕರಣಗಳು, ಬ್ಯಾಟರಿ. ದೊಡ್ಡ ಪ್ರಯೋಗಾಲಯಗಳನ್ನು ನಡೆಸುವ ಇಲಾಖೆಯೇ ಅದು. ಹಾಗಾಗಿ ಕೆಲಸಕ್ಕೆ ದುಡ್ಡು ಕೊಡುವವರೂ, ಮುಂದೆ ಅದನ್ನು ಕೊಳ್ಳಬಹುದಾದವರೂ ಬಹಳ ಸಲ ಒಬ್ಬರೇ.

ಈ ಹಣದಿಂದ ನಿಜವಾಗಿ ಏನಾದರೂ ಆಗುತ್ತದೆಯೇ, ಇಲ್ಲ ಹೇಗಿದ್ದರೂ ಗೆಲ್ಲುತ್ತಿದ್ದ ಕಂಪನಿಗಳಿಗೇ ಸುಮ್ನೆ ಹೋಗುತ್ತದೆಯೇ? ಅರ್ಥಶಾಸ್ತ್ರಜ್ಞೆ ಸಬ್ರಿನಾ ಹೊವೆಲ್ ಇದನ್ನೇ ಹುಡುಕಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನ ಇಂಧನ ಇಲಾಖೆಯ 1983ರಿಂದ 2013ರವರೆಗಿನ ಅರ್ಜಿಗಳದ್ದು. ಅಧಿಕಾರಿಗಳು ಅರ್ಜಿಗಳಿಗೆ ರ್‍ಯಾಂಕ್ ಕೊಡುತ್ತಾರೆ. ಗೆರೆಯ ಮೇಲೆ ಉಳಿದವರಿಗೂ ಕೂದಲೆಳೆಯಲ್ಲಿ ತಪ್ಪಿದವರಿಗೂ ಯೋಗ್ಯತೆಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಹೊವೆಲ್ ಹೋಲಿಸಿದ್ದು ಅವರಿಬ್ಬರನ್ನು. ಮೊದಲ ಹಂತದ ಒಂದೂವರೆ ಲಕ್ಷ ಡಾಲರ್ ಸಿಕ್ಕ ಕಂಪನಿಗೆ ಮುಂದೆ ಖಾಸಗಿ ಹೂಡಿಕೆ ಸಿಗುವ ಸಾಧ್ಯತೆ ಶೇ. 10ರಿಂದ 19ಕ್ಕೆ ಏರಿತ್ತು. ಪೇಟೆಂಟುಗಳು ಹೆಚ್ಚಿದ್ದವು, ಗಳಿಕೆಯೂ. ಹತ್ತು ಲಕ್ಷದ ಎರಡನೆಯ ಹಂತದಿಂದ ಹೂಡಿಕೆ, ಗಳಿಕೆಗಳಲ್ಲಿ ಹೆಚ್ಚೇನೂ ಆಗಿರಲಿಲ್ಲ.

ಇದನ್ನು ಮೊದಲು ಓದಿದಾಗ ಮತ್ತೆ ಮತ್ತೆ ಓದಿಕೊಂಡೆ. ಜಾಸ್ತಿ ದುಡ್ಡಿಗೆ ಜಾಸ್ತಿ ಫಲ ಬರಬೇಕಲ್ಲವೇ? ಕಾರಣವನ್ನೂ ಅವರೇ ಹುಡುಕಿದ್ದಾರೆ. ಸರ್ಕಾರದ ಮುದ್ರೆ ಬಿದ್ದಿತೆಂದು ಹೂಡಿಕೆದಾರರು ಬಂದದ್ದಲ್ಲ. ಆ ಮೊದಲ ಹಣದಲ್ಲಿ ಕಂಪನಿ ಒಂದು ಮಾದರಿ ಮಾಡಿ ತೋರಿಸಬಹುದು. ಹಾಳೆಯ ಮೇಲಿನ ಯೋಚನೆ ಮೇಜಿನ ಮೇಲೆ ಕೆಲಸ ಮಾಡಿದ ಮೇಲೆ ಮಾತೇ ಬೇರೆ. ಹಾಗೆ ತೋರಿಸಿಯಾದ ಮೇಲೆ ಒಳ್ಳೆಯ ಕಂಪನಿಗಳಲ್ಲಿ ಎಷ್ಟೋ ಎರಡನೆಯ ಹಂತಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಅವಕ್ಕೆ ಅಷ್ಟರಲ್ಲಿ ಬೇರೆ ಕಡೆ ಹಣ ಸಿಕ್ಕಿರುತ್ತದೆ.

ಎ123 ಸಿಸ್ಟಮ್ಸ್ ಎಂಬ ಬ್ಯಾಟರಿ ಕಂಪನಿಯನ್ನು ನೋಡಿ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯೆಟ್-ಮಿಂಗ್ ಚಿಯಾಂಗ್ ಮತ್ತು ಜೊತೆಗಾರರು ಕಟ್ಟಿದ್ದು. ಲಿಥಿಯಂ ಐರನ್ ಫಾಸ್ಫೇಟ್ ಸುರಕ್ಷಿತ ವಸ್ತು, ಆದರೆ ಅದರಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿದರೆ ಲಿಥಿಯಂ ಸಾಗಬೇಕಾದ ದೂರ ಕಡಿಮೆಯಾಗಿ ಬ್ಯಾಟರಿ ಬೇಗ ಶಕ್ತಿ ಕೊಡುತ್ತದೆ. ಆರಂಭದಲ್ಲಿ ಅವರಿಗೆ ಇಂಧನ ಇಲಾಖೆಯ ಎಸ್‌ಬಿಐಆರ್ ಕೊಟ್ಟದ್ದು ಒಂದು ಲಕ್ಷ ಡಾಲರ್. ಕೆಲವೇ ವರ್ಷಗಳಲ್ಲಿ ಅವರ ಬ್ಯಾಟರಿ ಡ್ರಿಲ್ಲಿಂಗ್ ಮಷೀನುಗಳಲ್ಲಿ ಕೂತಿತ್ತು. 2009ರಲ್ಲಿ ಕಾರ್ಖಾನೆ ಕಟ್ಟಲು ಸರ್ಕಾರ ಸುಮಾರು 25 ಕೋಟಿ ಡಾಲರ್ ಮಂಜೂರು ಮಾಡಿತು. ಎಲೆಕ್ಟ್ರಿಕ್ ಕಾರುಗಳು ಎಣಿಸಿದಷ್ಟು ಮಾರಾಟವಾಗಲಿಲ್ಲ. ದೋಷವಿದ್ದ ಬ್ಯಾಟರಿಗಳನ್ನು ವಾಪಸು ಪಡೆಯಬೇಕಾಯಿತು. 2012ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿಯಾಗಿ, ಮುಂದೆ ಚೀನಾದ ವಾನ್‌ಶಿಯಾಂಗ್ ಅದನ್ನು ಕೊಂಡಿತು. ಜನ ಸೋಲನ್ನು ನೆನಪಿಟ್ಟುಕೊಂಡರು. ಆದರೆ ಆ ಒಂದು ಲಕ್ಷ ಸೋತಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರ ತಂದುಕೊಟ್ಟಿತ್ತು.

ಭಾರತದಲ್ಲೂ ಇದೇ ಜಾಡಿನ ಯೋಜನೆ ಇದೆ. ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ಎಸ್‌ಬಿಐಆರ್‌ಐ ಶುರುಮಾಡಿತು. ಅದೇ ಇಲಾಖೆಯ ಬೈರಾಕ್ ಸಂಸ್ಥೆ ಹೊಸ ಯೋಚನೆಗಳಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಸಂಸ್ಥೆಯ ಮೂಲಕವೂ ಆ ಹಣ ಸಿಗುತ್ತದೆ. ಆದರೆ ಇವೆಲ್ಲ ಜೀವವಿಜ್ಞಾನದ ಅಂಗಳದವು. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿಯ ಬಾಗಿಲು ಇಂಧನಕ್ಕೂ ತೆರೆದಿದೆ. ಅದು ಕೊಡುವುದು ಹೆಚ್ಚಾಗಿ ದೀರ್ಘಾವಧಿಯ ಸಾಲ, ಅದೂ ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಎಂದು ಅಳೆಯುವ ಪಟ್ಟಿಯಲ್ಲಿ ನಾಲ್ಕನೆಯ ಹಂತ ಮುಟ್ಟಿದ ಮೇಲೆ. ಅಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ತೋರಿಸಿಯಾದ ಮೇಲೆ. ಹೊವೆಲ್ ಲೆಕ್ಕ ನಮಗೂ ಹೊಂದುವುದಾದರೆ, ಹೆಚ್ಚು ಫಲ ಕೊಡುವ ಹಣ ಅದಕ್ಕೂ ಹಿಂದಿನ ಹಂತದ್ದು.

ನಮ್ಮ ಪ್ರಯೋಗಾಲಯಗಳ ದುಬಾರಿ ಉಪಕರಣಗಳು ಬಹುಪಾಲು ಇನ್ನೂ ಹೊರದೇಶದವು. ಪೀಣ್ಯದ ಶೆಡ್ಡುಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವವರಿದ್ದಾರೆ. ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ನಮಗೆ ಇಂಥ ಡಿಟೆಕ್ಟರ್ ಬೇಕು, ಇಂಥ ವ್ಯಾಕ್ಯೂಮ್ ಪಂಪ್ ಬೇಕು ಎಂದು ಇಲಾಖೆಗಳು ಪ್ರತಿ ವರ್ಷ ಪಟ್ಟಿ ಹೊರಡಿಸಲಿ. ಮಾಡಿ ನೋಡಲು ಮುಂದೆ ಬಂದ ಐದಾರು ಜನರ ಕಂಪನಿಗೆ ಒಂದು ವರ್ಷಕ್ಕಾಗುವಷ್ಟು ಹಣವನ್ನು ಸಾಲವಾಗಿ ಅಲ್ಲದೆ ಕೊಡಲಿ. ಆಗಲಿಲ್ಲ ಎಂಬ ವರದಿ ಬಂದರೂ ಅದನ್ನು ಮಾಡಿದ ಕೆಲಸವೆಂದೇ ಸ್ವೀಕರಿಸಲಿ.