ವೆಟ್ ಟೆಕ್ ಡಿಗ್ರಿಗೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಇಲ್ಲಿನ ಒಂದು ಪ್ರಾಣಿ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಆಗಿದ್ದೇನೆ. ಕೆಲಸ ಬಿಟ್ಟು ಎರಡು ವರ್ಷದ ವೆಟರ್ನರಿ ಟೆಕ್ನಿಷಿಯನ್ (ವೆಟ್ ಟೆಕ್, ಅಂದರೆ ಪಶುವೈದ್ಯರ ಜೊತೆ ಕೆಲಸ ಮಾಡುವ ತರಬೇತಿ ಪಡೆದ ಸಿಬ್ಬಂದಿ) ಡಿಗ್ರಿ ಮಾಡೋಣ ಅಂತಿದ್ದೇನೆ. ಒಂದು ಖಾಸಗಿ ಕಾಲೇಜಿನವರು ಒಟ್ಟು 40 ಸಾವಿರ ಡಾಲರ್ ಆಗುತ್ತೆ ಅಂದರು. ಸಾಲ ಮಾಡಿ ಓದಬಹುದಾ?

ಉತ್ತರ: ಓದಿ, ಖಂಡಿತ ಓದಿ. ಆದರೆ ಕೆಲಸ ಬಿಡಬೇಡಿ, ಆ 40 ಸಾವಿರ ಸಾಲವನ್ನೂ ಮಾಡಬೇಡಿ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶಗಳ ಪ್ರಕಾರ 2023ರ ಮೇನಲ್ಲಿ ವೆಟ್ ಟೆಕ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 43,740 ಡಾಲರ್. ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಇನ್ನರ್ಧಕ್ಕೆ ಕಡಿಮೆ. ಕಾಲೇಜಿನವರು ತೋರಿಸುವುದು ಈ ಸಂಖ್ಯೆಯನ್ನೇ. ಆದರೆ ನಿಮಗೆ ಇದು ಪೂರ್ತಿ ಲಾಭ ಅಲ್ಲ, ಅಲ್ವಾ? ಡಿಗ್ರಿ ಇಲ್ಲದೆಯೂ ನೀವು ಈಗ ದುಡಿಯುತ್ತಿದ್ದೀರಿ. ಅದೇ ವರ್ಷ ಅಸಿಸ್ಟೆಂಟ್‌ಗಳ ಮಧ್ಯಮ ಸಂಬಳ 36,440 ಡಾಲರ್ ಇತ್ತು. ಡಿಗ್ರಿ ತಂದುಕೊಡುವುದು ಇವೆರಡರ ನಡುವಿನ ವ್ಯತ್ಯಾಸ ಮಾತ್ರ. ವರ್ಷಕ್ಕೆ 7,300 ಡಾಲರ್, ಅದೂ ತೆರಿಗೆ ಕಳೆಯುವ ಮುಂಚೆ.

ಈಗ 40 ಸಾವಿರವನ್ನು ಅದರ ಪಕ್ಕದಲ್ಲಿಡಿ. ಬಡ್ಡಿ ಸೇರಿಸದೆಯೂ ತೀರಲು ಐದೂವರೆ ವರ್ಷ. ಅದಕ್ಕಿಂತ ದೊಡ್ಡ ಖರ್ಚು ಫೀಸಿನ ರಸೀದಿಯಲ್ಲಿ ಕಾಣುವುದೇ ಇಲ್ಲ. ಕೆಲಸ ಬಿಟ್ಟು ಎರಡು ವರ್ಷ ಕೂತರೆ ಕೈತಪ್ಪುವ ಸಂಬಳ ಸುಮಾರು 73 ಸಾವಿರ ಡಾಲರ್. ಎರಡನ್ನೂ ಕೂಡಿಸಿದರೆ ಹಾಕಿದ್ದು ಕೈಗೆ ಬರುವ ಹೊತ್ತಿಗೆ ಹದಿನೈದು ವರ್ಷ ದಾಟುತ್ತದೆ.

ಇನ್ನೊಂದು ದಾರಿ ನೋಡಿ. ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಊರೂರಿನ ಸರ್ಕಾರಿ ಎರಡು ವರ್ಷದ ಕಾಲೇಜುಗಳಲ್ಲಿ, ಸ್ಥಳೀಯರಿಗೆ 2024–25ರ ಸರಾಸರಿ ಫೀಸು ದೇಶದ ಮಟ್ಟದಲ್ಲಿ ವರ್ಷಕ್ಕೆ 4,050 ಡಾಲರ್. ಎರಡು ವರ್ಷಕ್ಕೆ 8,100. ಟೆಕ್ಸಾಸ್‌ನಲ್ಲೇ ಡಲ್ಲಾಸ್ ಕಾಲೇಜಿನ ಸೀಡರ್ ವ್ಯಾಲಿ ಕ್ಯಾಂಪಸ್ಸಿನಲ್ಲಿ, ಸ್ಯಾನ್ ಆಂಟೋನಿಯೋದ ಪಾಲೋ ಆಲ್ಟೋ ಕಾಲೇಜಿನಲ್ಲಿ ಈ ಕೋರ್ಸ್ ಇದೆ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಓದಬೇಕೆಂದರೆ ಪರ್ಡ್ಯೂ ವಿಶ್ವವಿದ್ಯಾಲಯ, ಪೆನ್ ಫಾಸ್ಟರ್ ಇಂಥವು ಇವೆ. ದೂರಶಿಕ್ಷಣದಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು, ಹಿಡಿಯಲಿ. ಸಂಬಳ ಬರುತ್ತಿರುತ್ತದಲ್ಲ. ಅಲ್ಲದೆ ದೂರಶಿಕ್ಷಣದವರು ಪ್ರಾಕ್ಟಿಕಲ್ ಕೆಲಸಗಳನ್ನು ಯಾವುದಾದರೂ ಕ್ಲಿನಿಕ್ಕಿನಲ್ಲಿ ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಹೊಸಬರಿಗೆ ಕ್ಲಿನಿಕ್ ಹುಡುಕುವುದೇ ತಲೆನೋವು. ನಿಮಗೆ ಅದು ಕಾಲ ಬುಡದಲ್ಲೇ ಇದೆ.

ಫೀಸಿನ ಆಚೆಗೂ ಖರ್ಚುಗಳಿವೆ. ಪುಸ್ತಕ, ಸ್ಕ್ರಬ್ಸ್, ಸ್ಟೆಥಾಸ್ಕೋಪ್, ಕೊನೆಗೆ ಪರೀಕ್ಷೆಯ ಫೀಸು. ಜನ ಮರೆಯುವುದು ರೇಬೀಸ್ ಲಸಿಕೆ. ನಾಯಿ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಈ ಲಸಿಕೆಯನ್ನು ಬಹಳಷ್ಟು ಕೋರ್ಸುಗಳು ಕೇಳುತ್ತವೆ. ಅಮೆರಿಕದಲ್ಲಿ ಅದು ತುಂಬಾ ದುಬಾರಿ. ಈಗ ಏಳು ದಿನದ ಅಂತರದಲ್ಲಿ ಎರಡು ಡೋಸ್ ಸಾಕು. ಹತ್ತಿರದಲ್ಲೇ ಊರಿಗೆ ಬರುವವರಿದ್ದರೆ, ಭಾರತದಲ್ಲಿ ಹಾಕಿಸಿಕೊಂಡ ದಾಖಲೆ ನಡೆಯುತ್ತದಾ ಅಂತ ಕಾಲೇಜಿನಲ್ಲಿ ಮೊದಲೇ ಕೇಳಿಡಿ. ನಮ್ಮಲ್ಲಿ ಅದರ ಖರ್ಚು ಎಷ್ಟೋ ಕಡಿಮೆ.

ಇಷ್ಟೆಲ್ಲ ಮಾಡಿದರೆ ಏನು ಸಿಗುತ್ತದೆ? ಕೆಲಸವೇ ಬೇರೆಯಾಗುತ್ತದೆ. ಬೆಳಿಗ್ಗೆ ಒಂದು ವಯಸ್ಸಾದ ಲ್ಯಾಬ್ರಡಾರ್ ಹಲ್ಲು ಕ್ಲೀನ್ ಮಾಡಿಸಲು ಬಂತು ಅನ್ನಿ. ಅಸಿಸ್ಟೆಂಟ್ ಅದನ್ನು ಹಿಡಿದುಕೊಳ್ಳುತ್ತಾರೆ. ಮುಂಗಾಲಿನ ಕೂದಲು ಬೋಳಿಸಿ, ರಕ್ತನಾಳ ಹುಡುಕಿ ಕ್ಯಾತೆಟರ್ ಹಾಕುವವರು ಟೆಕ್. ಅರಿವಳಿಕೆ ಕೊಟ್ಟ ಮೇಲೆ ಗಂಟಲಿಗೆ ನಳಿಕೆ ಇಳಿಸಿ, ಎದೆಬಡಿತ, ಬಿಪಿ, ಆಮ್ಲಜನಕ ನೋಡುತ್ತಾ ನಿಲ್ಲುವವರೂ ಅವರೇ. ಎಕ್ಸ್‌ರೇ ತೆಗೆದು, ಒಸಡಿನ ಅಂಚಿನ ಪಾಚಿ ಕೆರೆದು ತೆಗೆಯುತ್ತಾರೆ. ರೋಗ ಇಂಥದ್ದು ಅಂತ ಹೇಳುವುದು, ಔಷಧಿ ಬರೆಯುವುದು, ಆಪರೇಷನ್ ಮಾಡುವುದು ಮಾತ್ರ ಡಾಕ್ಟರ ಕೆಲಸ. ಪ್ರಾಣಿಯ ಜೀವ ಕೈಯಲ್ಲಿ ಹಿಡಿದು ನಿಲ್ಲುವ ಕೆಲಸ ಇದು. ಅದಕ್ಕೆ ಗಂಟೆಗೆ 21 ಡಾಲರ್ ಕಡಿಮೆಯೇ ಅಂತ ನನ್ನ ಅಭಿಪ್ರಾಯ. ಜೊತೆಗೆ ಭಾರ ಎತ್ತಬೇಕು, ಕಚ್ಚಿಸಿಕೊಳ್ಳಬೇಕು, ಶನಿವಾರ ಭಾನುವಾರವೂ ಹೋಗಬೇಕು, ದಯಾಮರಣದ ಹೊತ್ತಿಗೆ ಅಳುತ್ತಿರುವ ಮನೆಯವರ ಪಕ್ಕ ನಿಂತಿರಬೇಕು. ನೀವು ಇದನ್ನೆಲ್ಲ ದಿನಾ ನೋಡುತ್ತಿದ್ದೀರಿ. ಆದರೂ ಮುಂದೆ ಓದಬೇಕು ಅನ್ನಿಸುತ್ತಿದೆಯಲ್ಲ, ಅದಕ್ಕೇ ಓದಿ ಅಂದೆ.

ಡಿಗ್ರಿಯೊಂದೇ ಸಾಲದು. ವಿಟಿಎನ್‌ಇ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು. 170 ಪ್ರಶ್ನೆ, ಅದರಲ್ಲಿ ಅಂಕಕ್ಕೆ ಸೇರುವುದು 150. ಟೆಕ್ಸಾಸ್‌ನಲ್ಲಾದರೆ ರಾಜ್ಯದ ಕಾನೂನಿನ ಮೇಲೆ ಇನ್ನೊಂದು ಪರೀಕ್ಷೆ ಇದೆ. ಆಮೇಲೆ ಎಲ್‌ವಿಟಿ, ಅಂದರೆ ಲೈಸೆನ್ಸ್ ಇರುವ ವೆಟ್ ಟೆಕ್ ಅನ್ನಿಸಿಕೊಳ್ಳುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ಇದೇ ಆರ್‌ವಿಟಿ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದವರನ್ನೂ ಟೆಕ್ ಅಂತಲೇ ಕರೆಯುತ್ತಾರೆ. ಅಂಥ ಕಡೆ ಡಿಗ್ರಿಗೆ ಸಿಗುವ ಹೆಚ್ಚುವರಿ ದುಡ್ಡು ಕಡಿಮೆಯಾಗಬಹುದು.

ಸಂಬಳ ಇನ್ನೂ ಮೇಲೇರಬೇಕೆಂದರೆ ಜಾಗ ಬದಲಾಯಿಸಬೇಕು. ಸಂಶೋಧನಾ ಲ್ಯಾಬ್, ಎಮರ್ಜೆನ್ಸಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಕ್ಲಿನಿಕ್ಕಿಗಿಂತ ಚೆನ್ನಾಗಿ ಕೊಡುತ್ತಾರೆ. ಅರಿವಳಿಕೆ, ದಂತ ಚಿಕಿತ್ಸೆ, ತುರ್ತು ಚಿಕಿತ್ಸೆಯಲ್ಲಿ ವಿಟಿಎಸ್ ಎಂಬ ವಿಶೇಷ ಅರ್ಹತೆಯೂ ಇದೆ. ಮುಂದೆ ಡಾಕ್ಟರೇ ಆಗಬೇಕು ಅಂತ ಮನಸ್ಸಿನಲ್ಲಿದ್ದರೆ ಈ ಕೋರ್ಸಿಗೆ ಸೇರಬೇಡಿ. ಇದರ ಕ್ರೆಡಿಟ್‌ಗಳು ಅಲ್ಲಿಗೆ ಹೆಚ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ. ಹೆಬ್ಬಾಳದಲ್ಲೋ ಬೀದರ್‌ನಲ್ಲೋ ಬಿವಿಎಸ್‌ಸಿ ಮುಗಿಸಿ ಬಂದವರಿಗಂತೂ, ವಿದೇಶಿ ಪಶುವೈದ್ಯ ಪದವಿಗೆ ಅಮೆರಿಕದಲ್ಲಿ ಮಾನ್ಯತೆ ಪಡೆಯುವ ಇಸಿಎಫ್‌ವಿಜಿ ಅಥವಾ ಪೇವ್ ಸರಿಯಾದ ದಾರಿ.

ಊರಿನಿಂದ ಮಕ್ಕಳನ್ನು ಎಫ್-1 ವೀಸಾದಲ್ಲಿ ಈ ಡಿಗ್ರಿಗೆ ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಬೇಡ. ಓದು ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ನಿಲ್ಲಲು ಬಳಸುವ ಎಚ್-1ಬಿ ವೀಸಾಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಬೇಕಾಗುವ ಕೆಲಸ ಇರಬೇಕು. ವೆಟ್ ಟೆಕ್ ಕೆಲಸಕ್ಕೆ ಎರಡು ವರ್ಷದ್ದು ಸಾಕು, ಆದ್ದರಿಂದ ಆ ವೀಸಾ ಸಿಗುವುದು ಬಹಳ ಕಷ್ಟ.

ಈ ವಾರ ನೀವು ಮಾಡಬೇಕಾದ್ದು ಎರಡು ಕೆಲಸ. ನಿಮ್ಮ ಕ್ಲಿನಿಕ್ಕಿನ ಮ್ಯಾನೇಜರ್ ಹತ್ತಿರ ಕೂತು ನೇರವಾಗಿ ಕೇಳಿ: ನಾನು ಎಲ್‌ವಿಟಿ ಆದರೆ ಗಂಟೆಗೆ ಎಷ್ಟು ಜಾಸ್ತಿ ಕೊಡುತ್ತೀರಿ, ಫೀಸಿನಲ್ಲಿ ಒಂದು ಪಾಲು ನೀವು ಕಟ್ಟುತ್ತೀರಾ? ನಾನು ಕೊಟ್ಟ 7,300 ದೇಶದ ಲೆಕ್ಕ, ನಿಮ್ಮ ಲೆಕ್ಕ ಅವರ ಉತ್ತರದಲ್ಲಿದೆ. ಎರಡನೆಯದು, ಸೇರಬೇಕೆಂದಿರುವ ಕಾಲೇಜಿನ ವೆಬ್‌ಸೈಟ್ ತೆರೆದು ಕಳೆದ ಮೂರು ವರ್ಷದ ವಿಟಿಎನ್‌ಇ ಪಾಸ್ ಪ್ರಮಾಣ ನೋಡಿ. ಅಮೆರಿಕದ ಪಶುವೈದ್ಯರ ಸಂಘವಾದ ಎವಿಎಂಎಯ ಮಾನ್ಯತೆ ಇರುವ ಪ್ರತಿಯೊಂದು ಕೋರ್ಸೂ ಅದನ್ನು ಹಾಕಲೇಬೇಕು. ಹುಡುಕಿದರೂ ಸಿಗದಿದ್ದರೆ ಅಲ್ಲಿ ಅಡ್ವಾನ್ಸ್ ಕಟ್ಟಬೇಡಿ.